ಸಿಂಹದ ತಲೆ, ಮೀನಿನ ಬಾಲ

ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಗ್ರೇಟ್ ಯಾರ್ಮತ್ ಎಂಬ ಊರಿದೆ. ನೂರಾರು ವರ್ಷ ಈ ಊರು ಉಂಡು ಉಟ್ಟಿದ್ದೆಲ್ಲ ಹೆರಿಂಗ್ ಮೀನಿನಿಂದ. ಹೀಗಾಗಿ ಊರಿನ ಹಳೆಯ ಲಾಂಛನದಲ್ಲಿ ಇದ್ದದ್ದೂ ಅದೇ: ನೀಲಿ ಗುರಾಣಿಯ ಮೇಲೆ ಬೆಳ್ಳಿ ಬಣ್ಣದ ಮೂರು ಹೆರಿಂಗ್. ಮುಂದೆ ಇಂಗ್ಲೆಂಡಿನ ರಾಜಲಾಂಛನದ ಮೂರು ಚಿನ್ನದ ಸಿಂಹಗಳು ಇದೇ ಗುರಾಣಿಗೆ ಬಂದು ಸೇರಿದವು. 1340ರಲ್ಲಿ ಫ್ರೆಂಚರ ಮೇಲೆ ನಡೆದ ಸ್ಲೂಯಿಸ್ ನೌಕಾಕಾಳಗದಲ್ಲಿ ಊರಿನವರು ತೋರಿದ ಪರಾಕ್ರಮಕ್ಕೆ ಮೂರನೆಯ ಎಡ್ವರ್ಡ್ ಕೊಟ್ಟ ಗೌರವ ಇದು ಎಂಬ ಐತಿಹ್ಯವಿದೆ. ಗೌರವವೇನೋ ಸರಿ, ಆದರೆ ಒಂದೇ ಗುರಾಣಿಯಲ್ಲಿ ಮೂರು ಸಿಂಹ ಮತ್ತು ಮೂರು ಮೀನಿಗೆ ಜಾಗ ಮಾಡುವುದು ಹೇಗೆ? ಚಿತ್ರ ಬರೆದವರು ಎರಡೂ ಲಾಂಛನಗಳನ್ನು ನಟ್ಟನಡುವೆ ಮೇಲಿಂದ ಕೆಳಕ್ಕೆ ಸೀಳಿ, ಒಂದರ ಎಡ ಹೋಳಿಗೆ ಇನ್ನೊಂದರ ಬಲ ಹೋಳನ್ನು ಅಂಟಿಸಿದರು. ಇವತ್ತಿಗೂ ಆ ಗುರಾಣಿಯಲ್ಲಿ ಮೂರು ವಿಚಿತ್ರ ಪ್ರಾಣಿಗಳಿವೆ. ಸೊಂಟದವರೆಗೆ ಸಿಂಹ, ಅಲ್ಲಿಂದಾಚೆಗೆ ಮೀನು.

ಹೀಗೆ ಸೀಳಿ ಕೂಡಿಸುವುದಕ್ಕೆ ಇಂಗ್ಲಿಷಿನಲ್ಲಿ ಒಂದು ಪದವಿದೆ: ‘ಡಿಮಿಡಿಯೇಟ್’. ಅರ್ಧ ಮಾಡು ಎಂದು ಅರ್ಥ. ಇಂಗ್ಲಿಷನ್ನೇ ಉಸಿರಾಡುವವರಲ್ಲಿಯೂ ಹೆಚ್ಚಿನವರು ಈ ಪದವನ್ನು ಒಮ್ಮೆಯೂ ಬಳಸಿರಲಾರರು. ಅರ್ಧ ಮಾಡಲು ಅವರಿಗೆ ‘ಹಾವ್’ ಇದೆ, ರೇಖಾಗಣಿತಕ್ಕೆ ‘ಬೈಸೆಕ್ಟ್’ ಇದೆ. ಇಷ್ಟಿದ್ದೂ ಮೂರನೆಯದೊಂದು ಪದ ಯಾಕೆ ಬೇಕಾಯಿತು, ಮತ್ತು ಅದು ಯಾಕೆ ಇನ್ನೂ ಸತ್ತಿಲ್ಲ ಎಂಬುದರ ಹಿಂದೆ ಸಣ್ಣದಲ್ಲದ ಒಂದು ಕಥೆಯಿದೆ.

ನಡು ಒಡೆದ ಪದ

ಪದದ ಹುಟ್ಟು ಸರಳ. ಲ್ಯಾಟಿನ್ನಿನಲ್ಲಿ ‘ಮೀಡಿಯುಸ್’ ಅಂದರೆ ನಡು. ಅದಕ್ಕೆ ‘ಬೇರೆಬೇರೆಯಾಗಿ’ ಎಂಬ ಅರ್ಥದ ‘ದಿಸ್’ ಸೇರಿ ‘ದಿಮಿದಿಯುಸ್’ ಆಯಿತು: ನಡುವೆ ಒಡೆದದ್ದು, ಅಂದರೆ ಅರ್ಧ. ಅದರಿಂದ ‘ದಿಮಿದಿಯಾರೆ’ ಎಂಬ ಕ್ರಿಯಾಪದ. ಫ್ರೆಂಚರ ಬಾಯಲ್ಲಿ ಸವೆದು ‘ದಿಮಿದಿಯುಸ್’ ‘ದೆಮಿ’ ಆಯಿತು. ‘ನಡುತನ’ ಎಂಬರ್ಥದ ‘ಮೆದಿಯೆತಾಸ್’ ಸವೆದು ‘ಮ್ವಾತಿಯೆ’ ಆಯಿತು. ಎರಡೂ ಇಂಗ್ಲಿಷಿಗೆ ಬಂದವು. ಮೊದಲನೆಯದು ‘ಡೆಮಿ’ ಎಂಬ ಉಪಸರ್ಗವಾಗಿ, ಎರಡನೆಯದು ‘ಮಾಯಿಟಿ’ ಎಂಬ ಕೋರ್ಟು ಕಚೇರಿಯ ಪದವಾಗಿ. ಸವೆಯದ ಮೂಲ ರೂಪವನ್ನು ಪಂಡಿತರು ಮತ್ತೆ ಲ್ಯಾಟಿನ್ನಿನಿಂದಲೇ ಎತ್ತಿಕೊಂಡು ‘ಡಿಮಿಡಿಯೇಟ್’ ಎಂದು ಬರೆದರು. ಕನ್ನಡದಲ್ಲಿ ‘ಬಣ್ಣ’ ಇದ್ದೂ ‘ವರ್ಣ’ವನ್ನು ಮತ್ತೆ ಸಂಸ್ಕೃತದಿಂದ ತಂದುಕೊಂಡ ಹಾಗೆ. 1604ರಲ್ಲಿ ರಾಬರ್ಟ್ ಕಾಡ್ರಿಯ ನಿಘಂಟಿನೊಂದಿಗೆ ಇಂಗ್ಲಿಷಿನಲ್ಲಿ ‘ಕಠಿಣ ಪದ’ಗಳ ಕೋಶಗಳ ಕಾಲ ಶುರುವಾಯಿತು. ಆ ಇಡೀ ಶತಮಾನ ಇಂಥ ನೂರಾರು ಲ್ಯಾಟಿನ್ ಕ್ರಿಯಾಪದಗಳು ಇಂಗ್ಲಿಷಿನ ಬಾಗಿಲು ತಟ್ಟುತ್ತಿದ್ದವು. ಬಹಳಷ್ಟು ಒಳಗೆ ಬಂದು ಮೂಲೆಯಲ್ಲಿ ಕೂತು ಅಲ್ಲೇ ಕಣ್ಮುಚ್ಚಿದವು.

ಮೂಲ ಲ್ಯಾಟಿನ್ ಕ್ರಿಯಾಪದಕ್ಕೆ ಸೀಳುವ ಅರ್ಥ ಒಂದೇ ಇರಲಿಲ್ಲ. ಲ್ಯಾಟಿನ್ ಬೈಬಲ್ಲಿನ ಕೀರ್ತನೆಗಳಲ್ಲಿ ಒಂದು ಕಡೆ, ಕೊಲೆಗಡುಕರೂ ವಂಚಕರೂ ತಮ್ಮ ಆಯುಷ್ಯದ ಅರ್ಧವನ್ನೂ ಮುಟ್ಟಲಾರರು ಎಂಬ ಮಾತು ಬರುತ್ತದೆ. ಅಲ್ಲಿರುವುದು ಇದೇ ಕ್ರಿಯಾಪದ. ಯಾರೂ ಏನನ್ನೂ ಕತ್ತರಿಸುತ್ತಿಲ್ಲ. ದಾರಿಯ ನಡುವಿನವರೆಗೆ ತಲುಪುವುದಕ್ಕೂ ಅದೇ ಪದ.

ಇಂಗ್ಲಿಷಿನ ದಿನಬಳಕೆಯ ‘ಹಾಫ್’ ಕೂಡ ಮೊದಲು ಲೆಕ್ಕದ ಪದವಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ಪಕ್ಕ’, ‘ಕಡೆ’ ಎಂಬ ಅರ್ಥವೂ ಇತ್ತು. ಇನ್ನೊಬ್ಬರ ಪರವಾಗಿ ಮಾತಾಡುವುದನ್ನು ಹೇಳಲು ಈಗಲೂ ಬಳಸುವ ‘ಬಿಹಾಫ್’ನಲ್ಲಿ ಉಳಿದಿರುವುದು ಆ ಅರ್ಥವೇ. ಅವರ ಪಕ್ಕದಲ್ಲಿ ನಿಂತು, ಅವರ ಕಡೆಯಿಂದ.

ನಮ್ಮ ಕಡೆಯ ಪದಗಳಲ್ಲೂ ಇದೇ ಇಬ್ಬಗೆ ಇದೆ. ಸಂಸ್ಕೃತದ ‘ಅರ್ಧ’ ನಪುಂಸಕಲಿಂಗದಲ್ಲಿದ್ದರೆ ಸರಿಯಾಗಿ ಅರ್ಧ, ಪುಲ್ಲಿಂಗದಲ್ಲಿದ್ದರೆ ಬರೀ ಒಂದು ಭಾಗ. ಈ ವ್ಯತ್ಯಾಸ ಪಾಣಿನಿಯ ಸಮಾಸದ ನಿಯಮದಲ್ಲೇ ಕೂತಿದೆ. ಅಳತೆ ಕರಾರುವಾಕ್ಕಾಗಿದ್ದಾಗ ಮಾತ್ರ ‘ಅರ್ಧ’ ಸಮಾಸದ ಮೊದಲಿಗೆ ಬರಬಹುದು. ಕನ್ನಡದ ‘ಅರೆ’ಗೆ ಲಿಂಗದ ತಂಟೆ ಇಲ್ಲ, ಆದರೂ ಅದು ಎರಡು ಬಗೆಯಲ್ಲಿ ದುಡಿಯುತ್ತದೆ. ‘ಒಂದೂವರೆ’, ‘ಮೂರೂವರೆ’ ಅಂದಾಗ ಅದು ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ. ‘ಅರೆಬೆಂದ’, ‘ಅರೆನಿದ್ದೆ’, ‘ಅರೆಮನಸ್ಸು’ ಅಂದಾಗ ತಕ್ಕಡಿ ಹಿಡಿದು ತೂಗುವ ಪ್ರಶ್ನೆಯೇ ಇಲ್ಲ. ಪೂರ್ತಿ ಆಗಿಲ್ಲ ಎನ್ನುವುದಷ್ಟೇ ಅಲ್ಲಿಯ ಮಾತು. ಚೆನ್ನೈನಲ್ಲಿರುವ ಕನ್ನಡಿಗರು ದಿನವೂ ಕೇಳುವ ತಮಿಳಿನ ‘ಅರೈ’ ಮತ್ತು ‘ಪಾದಿ’, ಹೈದರಾಬಾದಿನಲ್ಲಿ ಕಿವಿಗೆ ಬೀಳುವ ‘ಅರ’ ಮತ್ತು ‘ಸಗಂ’ ಜೋಡಿಗಳೂ ಈ ಕೆಲಸವನ್ನು ತಮ್ಮತಮ್ಮೊಳಗೆ ಹಂಚಿಕೊಂಡಿವೆ. ಅರ್ಧ ಎನ್ನುವುದನ್ನು ಒಂದೇ ಪದದಲ್ಲಿ ಮುಗಿಸಿದ ಭಾಷೆ ಸಿಗುವುದು ಕಷ್ಟ.

ಮದುವೆಯಾದ ಗುರಾಣಿಗಳು

ಮೂಲೆಯಲ್ಲಿ ಕೂತ ‘ಡಿಮಿಡಿಯೇಟ್’ಗೆ ಗಟ್ಟಿ ನೆಲೆ ಸಿಕ್ಕಿದ್ದು ಲಾಂಛನಶಾಸ್ತ್ರದಲ್ಲಿ. ಯುರೋಪಿನ ಮಧ್ಯಯುಗದಲ್ಲಿ ಗುರಾಣಿಯ ಮೇಲಿನ ಚಿತ್ರ ಅಲಂಕಾರವಾಗಿರಲಿಲ್ಲ, ಅದು ಮನೆತನದ ಹೆಸರು. ಓದು ಬರಹ ಬಾರದವನೂ ದೂರದಿಂದ ನೋಡಿ ಇವರು ಇಂಥವರು ಎಂದು ಹೇಳುವಂತಿರಬೇಕು. ಎರಡು ಮನೆತನಗಳ ನಡುವೆ ಮದುವೆಯಾದರೆ ಈ ಎರಡು ಹೆಸರುಗಳನ್ನು ಒಂದೇ ಗುರಾಣಿಯಲ್ಲಿ ಬರೆಯುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. 13ನೆಯ ಶತಮಾನದ ಕೊನೆಯ ಹೊತ್ತಿಗೆ ಬಳಕೆಗೆ ಬಂದ ಉತ್ತರ ಈ ಅರೆಗೂಡಿಕೆ: ಗಂಡನ ಗುರಾಣಿಯ ಬಲ ಅರ್ಧ, ಹೆಂಡತಿಯ ಗುರಾಣಿಯ ಎಡ ಅರ್ಧ. ಇಲ್ಲಿ ಬಲ, ಎಡ ಅನ್ನುವುದು ಗುರಾಣಿಯನ್ನು ಹಿಡಿದು ಹಿಂದೆ ನಿಂತವನ ಲೆಕ್ಕದಲ್ಲಿ. ಎದುರು ನಿಂತು ನೋಡುವವರಿಗೆ ಗಂಡನ ಅರ್ಧ ಎಡಕ್ಕೆ ಕಾಣುತ್ತದೆ.

ಒಂದನೆಯ ಎಡ್ವರ್ಡ್ 1299ರಲ್ಲಿ ಫ್ರಾನ್ಸಿನ ಮಾರ್ಗರೆಟ್‌ಳನ್ನು ಮದುವೆಯಾದ. ಅವಳ ಗುರಾಣಿ ಇದಕ್ಕೆ ಹೆಸರಾದ ಉದಾಹರಣೆ. ಒಂದು ಪಕ್ಕದಲ್ಲಿ ಇಂಗ್ಲೆಂಡಿನ ಸಿಂಹಗಳ ಮುಂಭಾಗ, ಇನ್ನೊಂದು ಪಕ್ಕದಲ್ಲಿ ಫ್ರಾನ್ಸಿನ ನೀಲಿಯ ಮೇಲೆ ಚೆಲ್ಲಿದ ಚಿನ್ನದ ಲಿಲ್ಲಿ ಹೂಗಳು. ಇಲ್ಲಿ ಹೆಣ್ಣಿನ ಕಡೆಯವರಿಗೆ ಅದೃಷ್ಟವಿತ್ತು. ಆಗಿನ ಫ್ರಾನ್ಸಿನ ಲಾಂಛನದಲ್ಲಿ ಹೂಗಳಿಗೆ ಲೆಕ್ಕವಿಲ್ಲ, ಗುರಾಣಿಯ ತುಂಬ ಹರಡಿರುತ್ತವೆ. ಅದನ್ನು ಸೀಳಿದರೂ ಉಳಿದ ಅರ್ಧ ಫ್ರಾನ್ಸ್ ಎಂದೇ ಕಾಣುತ್ತದೆ. ಹೂವಿನ ಸೀರೆಯನ್ನು ಎಲ್ಲಿ ಕತ್ತರಿಸಿದರೂ ಹೂವಿನ ಸೀರೆಯೇ.

ಎಲ್ಲರಿಗೂ ಆ ಅದೃಷ್ಟವಿರಲಿಲ್ಲ. ಗುರಾಣಿಯ ಮೇಲೆ ಮನೆಯ ಚಾವಣಿಯಂತೆ ಎರಡು ಕಡೆಗೆ ಇಳಿಯುವ ಪಟ್ಟಿಗೆ ‘ಶೆವ್ರನ್’ ಎನ್ನುತ್ತಾರೆ. ಅದನ್ನು ನಡುವೆ ಸೀಳಿದರೆ ಉಳಿಯುವುದು ಒಂದು ಓರೆ ಪಟ್ಟಿ. ಆದರೆ ಓರೆ ಪಟ್ಟಿ ಬೇರೆಯೇ ಒಂದು ಚಿಹ್ನೆ, ಅದು ಬೇರೆ ಮನೆತನಗಳದ್ದು. ಗುರಾಣಿಯನ್ನು ನಾಲ್ಕು ಚೌಕ ಮಾಡಿ ಎರಡು ಬಣ್ಣ ತುಂಬಿದ್ದನ್ನು ಸೀಳಿದರೆ ಮೇಲೊಂದು ಕೆಳಗೊಂದು ಬಣ್ಣ ಮಾತ್ರ ಉಳಿಯುತ್ತದೆ. ಅದೂ ಇನ್ಯಾರದೋ ಲಾಂಛನ. ಅಂದರೆ ಮದುವೆಯಾಗಿ ಬಂದ ಹೆಣ್ಣಿನ ತವರಿನ ಹೆಸರು ಅರ್ಧವಾಗುತ್ತಿರಲಿಲ್ಲ, ಬದಲಾಗುತ್ತಿತ್ತು. ಅರ್ಧ ಹೆಸರು ಕೂಗಿದರೆ ಬೇರೆ ಯಾರೋ ಓಗೊಟ್ಟ ಹಾಗೆ. ಗಂಡನ ಕಡೆಗೂ ಇದೇ ಕಷ್ಟವಿತ್ತು ನಿಜ. ಗುರಾಣಿಯಿಂದಲೇ ಮನೆತನವನ್ನು ಗುರುತಿಸಬೇಕಾದ ಕಡೆ ಇದು ಸಣ್ಣ ತೊಡಕಲ್ಲ.

ಹೀಗಾಗಿ ಮುಂದಿನ ಪೀಳಿಗೆಗಳು ಕತ್ತರಿಯನ್ನು ಕೆಳಗಿಟ್ಟವು. ಎರಡೂ ಲಾಂಛನಗಳನ್ನು ಪೂರ್ತಿಯಾಗಿಯೇ ಇಟ್ಟು, ಕೊಂಚ ಒತ್ತಿ, ಪಕ್ಕಪಕ್ಕದಲ್ಲಿ ಕೂರಿಸುವ ಪದ್ಧತಿ ಬಂತು. ಅದಕ್ಕೆ ‘ಇಂಪೇಲ್‌ಮೆಂಟ್’ ಎಂದು ಹೆಸರು. ಸಿಂಹ ತೆಳ್ಳಗಾಯಿತು, ಆದರೆ ಬಾಲ ಕಳೆದುಕೊಳ್ಳಲಿಲ್ಲ. ಹಳೆಯ ಪದ್ಧತಿಯ ಒಂದೇ ಒಂದು ಗುರುತು ಮಾತ್ರ ಉಳಿಯಿತು. ಗುರಾಣಿಯ ಸುತ್ತ ಅಂಚು ಇದ್ದರೆ, ಎರಡು ಲಾಂಛನಗಳು ಕೂಡುವ ನಡುಗೆರೆಯ ಪಕ್ಕದಲ್ಲಿ ಆ ಅಂಚನ್ನು ಈಗಲೂ ಬರೆಯುವುದಿಲ್ಲ. ಅಂಚು ಮಾತ್ರ ಇಂದಿಗೂ ಸೀಳಿಕೊಂಡೇ ಇದೆ.

ತಲೆ ಯಾರ ಪಾಲಿಗೆ?

ಮದುವೆಯ ಗುರಾಣಿಗಳಿಂದ ಹೊರಟುಹೋದ ಅರೆಗೂಡಿಕೆ ಊರುಗಳ ಗುರಾಣಿಗಳಲ್ಲಿ ಉಳಿದುಕೊಂಡಿತು. ಆಗ್ನೇಯ ಇಂಗ್ಲೆಂಡಿನ ‘ಸಿಂಕ್ ಪೋರ್ಟ್ಸ್’ ಒಕ್ಕೂಟದಲ್ಲಿ ಮೊದಲಿಗೆ ಐದು ಬಂದರುಗಳಿದ್ದವು: ಹೇಸ್ಟಿಂಗ್ಸ್, ನ್ಯೂ ರಾಮ್ನಿ, ಹೈತ್, ಡೋವರ್ ಮತ್ತು ಸ್ಯಾಂಡ್‌ವಿಚ್. ರಾಜನಿಗೆ ವರ್ಷಕ್ಕೆ 15 ದಿನ 57 ಹಡಗುಗಳನ್ನು ಸ್ವಂತ ಖರ್ಚಿನಲ್ಲಿ ಒದಗಿಸುವುದು ಇವುಗಳ ಹೊಣೆ. ಪ್ರತಿಯಾಗಿ ತೆರಿಗೆಯಲ್ಲಿ ವಿನಾಯಿತಿ, ಸ್ವಂತ ನ್ಯಾಯಾಲಯ ಮೊದಲಾದ ಹಕ್ಕುಗಳು. ಒಕ್ಕೂಟದ ಗುರಾಣಿಯಲ್ಲಿ ಸಿಂಹದ ಮುಂಭಾಗಕ್ಕೆ ಹಡಗಿನ ಹಿಂಭಾಗ ಅಂಟಿಕೊಂಡಿದೆ. ಹೇಸ್ಟಿಂಗ್ಸ್‌ನ ಗುರಾಣಿಯಲ್ಲಿ ಮಾತ್ರ ಮೂರರಲ್ಲಿ ನಡುವಿನ ಸಿಂಹ ಇಡಿಯಾಗಿದೆ. ಚೆಸ್ಟರ್ ನಗರದ ಗುರಾಣಿಯಲ್ಲಿ ಸಿಂಹಗಳ ಜೊತೆಗಿರುವುದು ಅಲ್ಲಿನ ಅರ್ಲ್ ಮನೆತನದ ಗೋಧಿ ಸಿವುಡುಗಳು. ಮೂಲದಲ್ಲಿ ಮೇಲೆ ಎರಡು, ಕೆಳಗೆ ಒಂದು. ಸೀಳಿದ ಮೇಲೆ ಉಳಿದಿರುವುದು ಒಂದೂವರೆ.

ಈ ಊರುಗಳ ಗುರಾಣಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಎಲ್ಲ ಕಡೆಯೂ ತಲೆ ರಾಜನದು, ಬಾಲ ಊರಿನದು. ಇದು ಕಾಕತಾಳೀಯವಲ್ಲ. ಲಾಂಛನಶಾಸ್ತ್ರದಲ್ಲಿ ಬಲಭಾಗ ಹೆಚ್ಚು ಗೌರವದ್ದು, ಆದ್ದರಿಂದ ಅದು ರಾಜನ ಪಾಲು. ಅದೇ ಶಾಸ್ತ್ರದಲ್ಲಿ ಪ್ರಾಣಿಗಳೆಲ್ಲ ಸಾಮಾನ್ಯವಾಗಿ ಬಲಕ್ಕೇ ಮುಖ ಮಾಡಿ ನಿಲ್ಲುತ್ತವೆ. ಎರಡು ನಿಯಮಗಳನ್ನು ಕೂಡಿಸಿದರೆ ಲೆಕ್ಕ ತಾನಾಗಿಯೇ ಆಗಿಹೋಗುತ್ತದೆ. ಬಲ ಪಾಲು ಸಿಕ್ಕವನಿಗೆ ಮುಖವೂ ಪಂಜವೂ ಸಿಗುತ್ತದೆ, ಎಡ ಪಾಲು ಸಿಕ್ಕವನಿಗೆ ಬೆನ್ನು, ಬಾಲ. ಅಳತೆಪಟ್ಟಿ ಇಟ್ಟು ನೋಡಿದರೆ ಎರಡೂ ಪಾಲು ಸಮ. ಯಾರ್ಮತ್‌ನ ಹೆರಿಂಗ್ ಮೀನು ಮಾತ್ರ ತಲೆ ಕಳೆದುಕೊಂಡಿದೆ.

ಬಲ ಎಡದ ಈ ಮರ್ಯಾದೆ ಯುರೋಪಿಗಷ್ಟೇ ಸೇರಿದ್ದಲ್ಲ. ಸಿಂಕ್ ಪೋರ್ಟ್ಸ್‌ನ ಗುರಾಣಿಗಳಿಗಿಂತ ಹಲವು ಶತಮಾನ ಮುಂಚೆ, 6ನೆಯ ಶತಮಾನದಲ್ಲಿ, ಬಾದಾಮಿಯ ಮೊದಲ ಗುಹೆಯಲ್ಲಿ ಚಾಲುಕ್ಯರ ಶಿಲ್ಪಿಗಳು ಅರ್ಧನಾರೀಶ್ವರನನ್ನೂ ಹರಿಹರನನ್ನೂ ಕೊರೆದರು. ಮುಂಬಯಿಯವರಿಗೆ ಎಲಿಫೆಂಟಾದ ಅರ್ಧನಾರೀಶ್ವರ ಕಣ್ಣಿಗೆ ಕಟ್ಟಿದಂತಿರುತ್ತಾನೆ. ಎರಡು ಸಂಪ್ರದಾಯಗಳಿಗೂ ಒಂದಕ್ಕೊಂದರ ಸುಳಿವಿಲ್ಲ, ಆದರೆ ಕೂಡಿಸಿದ ಬಗೆ ಒಂದೇ: ಮೇಲಿಂದ ಕೆಳಕ್ಕೆ ಒಂದು ಗೆರೆ, ಮೂರ್ತಿಯ ಬಲಕ್ಕೆ ಗಂಡ, ಎಡಕ್ಕೆ ಹೆಂಡತಿ. ಹರಿಹರನಲ್ಲಿ ಬಲಕ್ಕೆ ಹರ, ಎಡಕ್ಕೆ ಹರಿ. ಅದೇ ಹರಿಹರ ರೂಪಕ್ಕೆ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ ತುಂಗಭದ್ರೆಯ ದಡದಲ್ಲಿ ಗುಡಿ ಕಟ್ಟಿಸಿದ. ಆ ಊರಿಗೂ ಹರಿಹರ ಎಂದೇ ಹೆಸರು.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಗುರಾಣಿಯ ಸಿಂಹ ಅರ್ಧ ಹೋದ ಸಿಂಹ. ಅರ್ಧನಾರೀಶ್ವರ ಅರ್ಧ ಹೋದ ಶಿವನಲ್ಲ, ಒಂದು ಇಡೀ ದೇಹ. ಶಿಲ್ಪಿ ಎರಡು ಮೂರ್ತಿ ಕಡೆದು ಸೀಳಿ ಅಂಟಿಸಲಿಲ್ಲ, ಒಂದೇ ಕಲ್ಲಿನಲ್ಲಿ ಜಟೆಯೂ ಜಡೆಯೂ ಒಂದೇ ತಲೆಗೆ ಸೇರುವಂತೆ ನೋಡಿಕೊಂಡ. ಹೀಗಿದ್ದೂ ನಮ್ಮ ಮಾತಿನಲ್ಲಿ ಸಮ ಉಳಿದಿಲ್ಲ. ಹೆಂಡತಿಗೆ ‘ಅರ್ಧಾಂಗಿ’ ಎನ್ನುತ್ತೇವೆ. ಗಂಡನಿಗೆ ಅದರ ಜೋಡಿಪದ ಕನ್ನಡದಲ್ಲಿ ಇಲ್ಲ. ‘ಅರ್ಧಾಂಗವಾಯು’ ಅಂದರೆ ಒಂದು ಪಕ್ಕ ಬಿದ್ದುಹೋಗುವ ಕಾಯಿಲೆ. ಅರ್ಧ ಅನ್ನಿಸಿಕೊಳ್ಳುವವರು ಯಾವಾಗಲೂ ಇಬ್ಬರಲ್ಲಿ ಒಬ್ಬರೇ.

ಗಣಿತ ಕೈಬಿಟ್ಟ ಪದ

ಅರ್ಧ ಮಾಡುವುದಕ್ಕೆ ಒಂದು ಕಾಲದಲ್ಲಿ ಗಣಿತದಲ್ಲೂ ಪ್ರತ್ಯೇಕ ಪದವಿತ್ತು. ‘ಮೀಡಿಯೇಷನ್’. ಅದೇ ‘ನಡು’ವಿನಿಂದ ಹುಟ್ಟಿದ ಪದ. ಈಗ ಆ ಪದಕ್ಕೆ ಸಂಧಾನ, ಮಧ್ಯಸ್ಥಿಕೆ ಎಂಬ ಅರ್ಥವೇ ಉಳಿದಿದೆ. 13ನೆಯ ಶತಮಾನದಲ್ಲಿ ಸಾಕ್ರೋಬೋಸ್ಕೋ ಎಂಬ ಪಂಡಿತ ಬರೆದ ಅಂಕಗಣಿತದ ಪಠ್ಯ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಬಹುಕಾಲ ನಡೆಯಿತು. ಅದರಲ್ಲಿ ಗಣಿತದ ಕ್ರಿಯೆಗಳು ಒಂಬತ್ತು. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದರ ಜೊತೆಗೆ ದುಪ್ಪಟ್ಟು ಮಾಡುವುದು ಒಂದು ಕ್ರಿಯೆ, ಅರ್ಧ ಮಾಡುವುದು ಇನ್ನೊಂದು. ಇಂಗ್ಲಿಷಿನಲ್ಲಿ ಬರೆದ ಅತಿ ಹಳೆಯ ಗಣಿತ ಪಠ್ಯಗಳಲ್ಲಿ ಒಂದಾದ 15ನೆಯ ಶತಮಾನದ ‘ದ ಕ್ರಾಫ್ಟ್ ಆಫ್ ನಂಬ್ರಿಂಗ್’ನಲ್ಲೂ ಈ ಎರಡಕ್ಕೂ ಬೇರೆ ಬೇರೆ ಜಾಗವಿದೆ.

ಎರಡರಿಂದ ಭಾಗಿಸಿದರೆ ಅರ್ಧವಾಯಿತು, ಅದಕ್ಕೊಂದು ಬೇರೆ ಪಾಠ ಯಾಕೆ? ಕಾರಣ ಕೈಲೆಕ್ಕದಲ್ಲಿದೆ. ಮಗ್ಗಿ ಬಾಯಿಪಾಠವಿಲ್ಲದವನೂ ದುಪ್ಪಟ್ಟು ಮಾಡಬಲ್ಲ, ಅರ್ಧ ಮಾಡಬಲ್ಲ. ಅವೆರಡೇ ಬಂದರೆ ಯಾವ ಗುಣಾಕಾರವನ್ನೂ ಮಾಡಬಹುದು. 13ನ್ನು 24ರಿಂದ ಗುಣಿಸಬೇಕು ಅನ್ನಿ. 13ನ್ನು ಅರ್ಧ ಮಾಡುತ್ತ ಹೋಗಿ, ಉಳಿಕೆಯನ್ನು ಬಿಟ್ಟುಬಿಡಿ: 13, 6, 3, 1. ಪಕ್ಕದಲ್ಲಿ 24ನ್ನು ದುಪ್ಪಟ್ಟು ಮಾಡುತ್ತ ಬನ್ನಿ: 24, 48, 96, 192. ಮೊದಲ ಸಾಲಿನಲ್ಲಿ ಬೆಸ ಸಂಖ್ಯೆ ಇರುವ ಕಡೆಯ ಜೋಡಿಗಳನ್ನು ಮಾತ್ರ ಕೂಡಿ: 24, 96, 192. ಮೊತ್ತ 312. ಇದು ಸರಿಯಾದ ಉತ್ತರ. ದುಪ್ಪಟ್ಟು ಮಾಡಿ ಗುಣಿಸುವ ಈ ಜಾಣತನದ ಬೇರು ಪುರಾತನ ಈಜಿಪ್ಟಿನಷ್ಟು ಹಿಂದಕ್ಕೆ ಹೋಗುತ್ತದೆ.

ಹಿಂದೂ ಅಂಕಿಗಳೂ ಮಗ್ಗಿಯೂ ಯುರೋಪಿನಲ್ಲಿ ಬೇರೂರಿದ ಮೇಲೆ ಈ ಎರಡು ಕ್ರಿಯೆಗಳು ಬೇಡವಾದವು. 1540ರಲ್ಲಿ ಪ್ರಕಟವಾದ ತನ್ನ ಅಂಕಗಣಿತದಲ್ಲಿ ಗೆಮ್ಮಾ ಫ್ರೀಸಿಯಸ್ ಇವನ್ನು ಬೇರೆ ಕ್ರಿಯೆಗಳೆಂದು ಎಣಿಸುವವರನ್ನು ಗೇಲಿ ಮಾಡಿದ. ಅವನ ಮಾತು ನ್ಯಾಯವಾದದ್ದೇ. ಸಂಖ್ಯೆಯನ್ನು ಅರ್ಧ ಮಾಡಿದರೆ ಸಿಗುವ ಎರಡು ಪಾಲುಗಳಲ್ಲಿ ಯಾವ ವ್ಯತ್ಯಾಸವೂ ಇಲ್ಲ. 12ರ ಒಂದು 6ಕ್ಕೆ ತಲೆ, ಇನ್ನೊಂದು 6ಕ್ಕೆ ಬಾಲ ಇರುವುದಿಲ್ಲ. ಯಾವ ಪಾಲು ಯಾರಿಗೆ ಎಂಬ ಪ್ರಶ್ನೆಯೇ ಇಲ್ಲದ ಕಡೆ ಭಾಗಾಕಾರ ಸಾಕು, ಪ್ರತ್ಯೇಕ ಪದ ಬೇಕಿಲ್ಲ. ಗಣಿತದ ‘ಮೀಡಿಯೇಷನ್’ ಸತ್ತದ್ದು ಇದರಿಂದ. ‘ಡಿಮಿಡಿಯೇಟ್’ ಬದುಕಿ ಉಳಿದದ್ದೂ ಇದರಿಂದಲೇ. ಲಾಂಛನದವರಲ್ಲದೆ ಇಂದು ಅದನ್ನು ಬಳಸುವವರು ಸಸ್ಯ ಮತ್ತು ಶಿಲೀಂಧ್ರ ವಿಜ್ಞಾನಿಗಳು. ಮಳೆಗಾಲದಲ್ಲಿ ಮರದ ಕೊರಡಿಗೆ ಗೋಡೆಯ ಗೂಡಿನ ಹಾಗೆ ಅಂಟಿಕೊಂಡು ಬೆಳೆಯುವ ಅಣಬೆಗಳಿವೆಯಲ್ಲ, ಕಾಂಡವಿಲ್ಲದೆ ಅರ್ಧಚಂದ್ರದ ಆಕಾರದ್ದು, ಅಂಥ ಟೋಪಿಗೆ ‘ಡಿಮಿಡಿಯೇಟ್’ ಎನ್ನುತ್ತಾರೆ. ಅಲ್ಲಿ ಯಾರೂ ಏನನ್ನೂ ಸೀಳಿಲ್ಲ, ಒಂದೇ ಪಕ್ಕ ಬೆಳೆದಿದೆ. ಇರುವ ಅರ್ಧಕ್ಕೂ ಇಲ್ಲದ ಅರ್ಧಕ್ಕೂ ನಡುವಿನ ವ್ಯತ್ಯಾಸವನ್ನು ಹೇಳಲು ಆ ಪದ ಬೇಕು.

ಗಣಿತದಲ್ಲೇ ಅರ್ಧ ಮಾಡುವುದಕ್ಕೆ ಒಂದು ಪದ ಗಟ್ಟಿಯಾಗಿ ನಿಂತ ಉದಾಹರಣೆ ಕರ್ನಾಟಕದ ತೀರ ಹತ್ತಿರದಲ್ಲಿದೆ. ರಾಷ್ಟ್ರಕೂಟರ ಕಾಲದಲ್ಲಿ, 9ನೆಯ ಶತಮಾನದ ಆರಂಭದಲ್ಲಿ, ಜೈನಾಚಾರ್ಯ ವೀರಸೇನ ‘ಷಟ್ಖಂಡಾಗಮ’ಕ್ಕೆ ‘ಧವಲಾ’ ಎಂಬ ಟೀಕೆ ಬರೆದರು. ಜೀವಗಳ, ಲೋಕಗಳ ಅಗಾಧ ಸಂಖ್ಯೆಗಳನ್ನು ನಿಭಾಯಿಸಲು ಅವರು ಬಳಸಿದ ಒಂದು ಪರಿಕಲ್ಪನೆ ‘ಅರ್ಧಚ್ಛೇದ’. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಿದರೆ ಒಂದಕ್ಕೆ ಬಂದು ನಿಲ್ಲುತ್ತದೋ ಅದು ಆ ಸಂಖ್ಯೆಯ ಅರ್ಧಚ್ಛೇದ. 32ರ ಅರ್ಧಚ್ಛೇದ 5, ಏಕೆಂದರೆ 16, 8, 4, 2, 1. ಇಂದಿನ ಗಣಿತದ ಮಾತಿನಲ್ಲಿ ಇದು ಎರಡರ ಆಧಾರದ ಲಾಗರಿದಮ್. ಮೂರು ಪಾಲು ಮಾಡುತ್ತ ಹೋಗುವುದಕ್ಕೆ ‘ತ್ರಿಕಚ್ಛೇದ’, ನಾಲ್ಕಕ್ಕೆ ‘ಚತುರ್ಥಚ್ಛೇದ’ ಎಂಬ ಹೆಸರುಗಳೂ ಅಲ್ಲಿವೆ. ಈ ಗ್ರಂಥ ಶತಮಾನಗಳ ಕಾಲ ಉಳಿದದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿಯ ತಾಳೆಗರಿಗಳಲ್ಲಿ, ಹಳೆಯ ಕನ್ನಡ ಲಿಪಿಯಲ್ಲಿ. ಹೊರಗಿನವರ ಕೈಗೆ ಅದು ಅಚ್ಚಾಗಿ ಸಿಗಲಾರಂಭಿಸಿದ್ದು 1939ರಿಂದ, ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ.

ವೀರಸೇನರ ಪದ ‘ಮೀಡಿಯೇಷನ್’ನ ದಾರಿ ಹಿಡಿಯದೆ ಇದ್ದುದಕ್ಕೆ ಕಾರಣ ಸ್ಪಷ್ಟ. ಅದು ಕೇಳುವುದು ಅರ್ಧ ಎಷ್ಟು ಎಂದಲ್ಲ, ಎಷ್ಟು ಸಲ ಅರ್ಧ ಎಂದು. ಆ ಪ್ರಶ್ನೆಗೆ ಭಾಗಾಕಾರ ಒಂದೇ ಉತ್ತರ ಕೊಡಲಾರದು.

ಅರೆನಾಲಿಗೆಯ ಜ್ಯೂರಿ

‘ನಡು’ವಿನ ಬಳಗದ ಇನ್ನೊಂದು ಪದ ಹೋಗಿ ಕೂತದ್ದು ಇಂಗ್ಲೆಂಡಿನ ಕೋರ್ಟಿನಲ್ಲಿ. 1303ರಲ್ಲಿ ಒಂದನೆಯ ಎಡ್ವರ್ಡ್ ವಿದೇಶಿ ವ್ಯಾಪಾರಿಗಳಿಗೆ ‘ಕಾರ್ಟಾ ಮರ್ಕಟೋರಿಯಾ’ ಎಂಬ ಸನ್ನದು ಕೊಟ್ಟ. ಅದರ ಪ್ರಕಾರ ವಿದೇಶಿ ವ್ಯಾಪಾರಿಯ ವ್ಯಾಜ್ಯ ಬಂದಾಗ ಜ್ಯೂರಿಯಲ್ಲಿ ಅರ್ಧ ಜನ ಊರಿನವರು, ಇನ್ನರ್ಧ ಜನ ಹೊರಗಿನ ವ್ಯಾಪಾರಿಗಳು ಇರಬೇಕು. 1353ರ ಶಾಸನ ಈ ಪದ್ಧತಿಗೆ ಇನ್ನಷ್ಟು ಬಲ ಕೊಟ್ಟಿತು. ವಕೀಲರು ಇದನ್ನು ‘ದೆ ಮೆದಿಯೆತಾತೆ ಲಿಂಗ್ವೆ’ ಎಂದರು. ಪದಕ್ಕೆ ಪದ ಹೇಳುವುದಾದರೆ ‘ನಾಲಿಗೆಯ ಅರ್ಧ’. ಇಲ್ಲಿ ನಾಲಿಗೆ ಅಂದರೆ ಭಾಷೆ, ಭಾಷೆ ಅಂದರೆ ನಾಡು.

ಲಂಡನ್ನಿನಲ್ಲಿ ಉಣ್ಣೆ ಕೊಳ್ಳಲು ಬಂದ ಇಟಲಿಯವನಿಗೆ, ಫ್ಲಾಂಡರ್ಸ್‌ನವನಿಗೆ ಅಲ್ಲಿ ಬಂಧುಬಳಗವಿಲ್ಲ, ಊರಿನವರ ಕಣ್ಣಿನಲ್ಲಿ ಅವನು ಮೋಸಗಾರನೇ. ಹನ್ನೆರಡೂ ಜನ ಆ ಊರಿನವರೇ ಆದರೆ ಅವನ ಗತಿ ಏನು? ಹೀಗೆ ನೋಡಿದರೆ ಇದು ದುರ್ಬಲನ ಪರವಾದ ಅರ್ಧ. ಆದರೂ ಒಂದು ಸಂದು ಉಳಿದಿತ್ತು. ಆ ಆರು ಜನ ವಿದೇಶಿಯರಾದರೆ ಸಾಕು, ಆರೋಪಿಯ ನಾಡಿನವರೇ ಆಗಬೇಕೆಂಬ ನಿಯಮವಿರಲಿಲ್ಲ. ಅರೆನಾಲಿಗೆಯ ಜ್ಯೂರಿಯಲ್ಲಿ ಅವನ ನಾಲಿಗೆ ಆಡುವವನು ಒಬ್ಬನೂ ಇಲ್ಲದಿರಬಹುದಿತ್ತು. ಈ ಪದ್ಧತಿ ಐದು ಶತಮಾನಕ್ಕೂ ಹೆಚ್ಚು ಕಾಲ ನಡೆದು 1870ರ ಕಾನೂನಿನೊಂದಿಗೆ ಇಂಗ್ಲೆಂಡಿನಲ್ಲಿ ಕೊನೆಗೊಂಡಿತು.

ಕೊನೆಗೊಂಡು 14 ವರ್ಷವಾಗುವಷ್ಟರಲ್ಲಿ ಅದೇ ಅರ್ಧದ ಲೆಕ್ಕ ಭಾರತದಲ್ಲಿ ಹೊಸ ಬಲದೊಂದಿಗೆ ಕಾಣಿಸಿಕೊಂಡಿತು. 1883ರಲ್ಲಿ ವೈಸ್‌ರಾಯ್ ರಿಪನ್‌ನ ಕಾನೂನು ಸದಸ್ಯ ಇಲ್ಬರ್ಟ್ ಒಂದು ಮಸೂದೆ ಮಂಡಿಸಿದ. ಅಲ್ಲಿಯವರೆಗೆ ಕಲ್ಕತ್ತಾ, ಮುಂಬಯಿ, ಮದರಾಸು ನಗರಗಳ ಹೊರಗೆ ಭಾರತೀಯ ನ್ಯಾಯಾಧಿಕಾರಿಗಳು ಬ್ರಿಟಿಷ್ ಪ್ರಜೆಗಳಾದ ಯುರೋಪಿಯನ್ನರ ಮೇಲಿನ ಕ್ರಿಮಿನಲ್ ಮೊಕದ್ದಮೆ ನಡೆಸುವಂತಿರಲಿಲ್ಲ. ಪರೀಕ್ಷೆ ಪಾಸು ಮಾಡಿ ಜಿಲ್ಲೆಯ ಅಧಿಕಾರಿಯಾದ ಭಾರತೀಯನಿಗೂ ಇದು ಅನ್ವಯವಾಗುತ್ತಿತ್ತು. ಮಸೂದೆ ಈ ಅಡ್ಡಿಯನ್ನು ತೆಗೆಯಲು ಹೊರಟಿತು. ಚಹಾ ಮತ್ತು ನೀಲಿ ತೋಟಗಳ ಮಾಲೀಕರು, ಕಲ್ಕತ್ತಾದ ಬಿಳಿಯ ವರ್ತಕರು ಒಂದು ವರ್ಷ ಸಭೆ, ಚಂದಾ, ಪತ್ರಿಕೆಗಳಲ್ಲಿ ಬೈಗುಳ ಎಂದು ಎದ್ದು ನಿಂತರು. 1884ರ ಜನವರಿಯಲ್ಲಿ ರಾಜಿಯಾಯಿತು. ಭಾರತೀಯ ಜಿಲ್ಲಾ ಮ್ಯಾಜಿಸ್ಟ್ರೇಟರು ಮತ್ತು ಸೆಷನ್ಸ್ ನ್ಯಾಯಾಧೀಶರು ಮೊಕದ್ದಮೆ ನಡೆಸಬಹುದು, ಆದರೆ ಆರೋಪಿ ಜ್ಯೂರಿ ಬೇಕೆಂದು ಕೇಳಬಹುದು, ಅದರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಯುರೋಪಿಯನ್ನರೋ ಅಮೆರಿಕನ್ನರೋ ಇರಬೇಕು. ಜಿಲ್ಲಾ ಮ್ಯಾಜಿಸ್ಟ್ರೇಟರ ಮುಂದೆ ನಿಂತ ಭಾರತೀಯ ಆರೋಪಿಗೆ ಇಂಥ ಹಕ್ಕು ಇರಲಿಲ್ಲ.

ಲೆಕ್ಕ ಒಂದೇ: ಅರ್ಧಕ್ಕೆ ಅರ್ಧ. 1303ರಲ್ಲಿ ಆ ಅರ್ಧ, ಪರಊರಿನಲ್ಲಿ ಒಂಟಿಯಾದವನನ್ನು ಊರಿನವರಿಂದ ಕಾಪಾಡಲು ಬಂದದ್ದು. 1884ರಲ್ಲಿ ಅದೇ ಅರ್ಧ, ಆಳುವವನನ್ನು ಆಳಿಸಿಕೊಂಡವರಿಂದ ಕಾಪಾಡಲು ಬಂತು. ತೋಟದ ಕೂಲಿಯಾಳಿಗೆ ಹೊಡೆದ ಮಾಲೀಕನ ಮೊಕದ್ದಮೆಯಲ್ಲಿ ಆ ಅರ್ಧದ ಅರ್ಥವೇನು ಎಂಬುದು ಎಲ್ಲರಿಗೂ ಗೊತ್ತಿತ್ತು. ಮರುವರ್ಷ, 1885ರಲ್ಲಿ, ಮುಂಬಯಿಯಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಹುಟ್ಟಿತು. ಒಟ್ಟಾಗಿ ಗದ್ದಲ ಮಾಡಿದರೆ ಸರ್ಕಾರ ಬಗ್ಗುತ್ತದೆ ಎಂಬ ಪಾಠವನ್ನು ಅಲ್ಲಿ ಸೇರಿದವರಲ್ಲಿ ಹಲವರು ಇಲ್ಬರ್ಟ್ ಮಸೂದೆಯ ವಿರೋಧಿಗಳಿಂದಲೇ ಕಲಿತಿದ್ದರು. ಈ ಜನಾಂಗ ಭೇದವನ್ನು 1923ರ ತಿದ್ದುಪಡಿ ಕೊಂಚ ಇಳಿಸಿತು. ಕಾನೂನಿನ ಪುಸ್ತಕದಲ್ಲಿ ಉಳಿದಿದ್ದದ್ದನ್ನು ತೆಗೆದುಹಾಕಿದ್ದು ಸ್ವತಂತ್ರ ಭಾರತದ 1949ರ ಕಾಯ್ದೆ.

ಕನ್ನಡದಲ್ಲಿ ಹೇಳುವುದಾದರೆ

ಇಷ್ಟಾದ ಮೇಲೆ ‘ಡಿಮಿಡಿಯೇಟ್’ಗೆ ಕನ್ನಡದಲ್ಲಿ ಏನೆನ್ನಬೇಕು? ನಿಘಂಟು ನೋಡಿ ‘ಅರ್ಧಿಸು’ ಎಂದು ಬರೆದು ಮುಂದೆ ಹೋಗಬಹುದು, ತಪ್ಪೇನಿಲ್ಲ. ಆದರೆ ‘ಅರ್ಧಿಸು’ ಅನ್ನುವುದು ಗಣಿತದ ಪದ, ಗೆಮ್ಮಾ ಫ್ರೀಸಿಯಸ್ ಗೇಲಿ ಮಾಡಿದ ಬಗೆಯದು. ಯಾರ್ಮತ್‌ನ ಗುರಾಣಿಯ ಮುಂದೆ ಅದು ಪೇಲವ. ಅಲ್ಲಿ ‘ಅರೆಗೂಡಿಸು’ ಎಂದರೆ ಸೀಳಿದ್ದೂ ಕೂಡಿಸಿದ್ದೂ ಒಟ್ಟಿಗೆ ಕಾಣುತ್ತದೆ. ಕೊರಡಿನ ಅಣಬೆಗೆ ‘ಒಂದೋರೆ’, ‘ಒಂದು ಪಕ್ಕದ’ ಎನ್ನುವುದೇ ಸರಿ. ಕೀರ್ತನೆಯ ಸಾಲಿಗೆ ‘ಅರ್ಧ ದಾರಿ ಮುಟ್ಟು’ ಬೇಕು. ಕೋರ್ಟಿನ ಕಡತಕ್ಕೆ ‘ಸಮಪಾಲು’ ಎಂಬ ಪದ ಸಿದ್ಧವಾಗಿದೆ. ಬಳಸುವ ಮೊದಲು ಆ ‘ಸಮ’ ಎಲ್ಲಿಯದು ಎಂದು ಒಮ್ಮೆ ನೋಡಬೇಕು, ಅಳತೆಪಟ್ಟಿಯಲ್ಲೋ, ತಲೆ ಬಾಲದ ಹಂಚಿಕೆಯಲ್ಲೋ.

ಹಿಸ್ಸೆ ಮಾಡುವಾಗ ಹಳ್ಳಿಯ ಹಿರಿಯರು ಅನುಸರಿಸುತ್ತಿದ್ದ ಒಂದು ರೂಢಿ ಇದನ್ನು ಯಾವ ನಿಘಂಟಿಗಿಂತಲೂ ಚೆನ್ನಾಗಿ ಬಲ್ಲದು. ಪಾಲು ಮಾಡುವವನು ಒಬ್ಬ, ಮೊದಲು ಆರಿಸಿಕೊಳ್ಳುವವನು ಇನ್ನೊಬ್ಬ. ಹೊಲದ ಎರಡು ಹೋಳು ಗುಂಟೆ ಲೆಕ್ಕದಲ್ಲಿ ಸಮ ಇದ್ದರೂ ಬಾವಿ ಇರುವುದು ಒಂದರಲ್ಲೇ ಎಂಬುದು ಅವರಿಗೆ ಗೊತ್ತಿತ್ತು.